ಮಾವ ತೀರಿಕೊಂಡಿದ್ದು ಎಲ್ಲಿ? ಹಾಸನದ ಒಂದು ಪೌತಿ ಖಾತೆ ಪ್ರಕರಣ

ಮನೆ ಇರುವುದು ಹಾಸನದ ಅಂಚಿನಲ್ಲಿ. ಮೊದಲು ಅದು ಹಳ್ಳಿ, ಗ್ರಾಮ ಪಂಚಾಯಿತಿಗೆ ಸೇರಿತ್ತು. ಈಗ ನಗರದ ಒಂದು ವಾರ್ಡು. ನಾಡಹೆಂಚಿನ ಮನೆ, ಹಿತ್ತಿಲಲ್ಲಿ ದನ ಇಲ್ಲದ ಕೊಟ್ಟಿಗೆ. ಕಂದಾಯ ರಸೀದಿ ಮಾತ್ರ ಇವತ್ತಿಗೂ ಮಾವನ ಹೆಸರಿನಲ್ಲೇ ಬರುತ್ತಿದೆ, ಮಾವ ಸತ್ತು ಮೂವತ್ತೈದು ವರ್ಷದ ಮೇಲಾಗಿದೆ. ಮಾವನ ಮಗನೂ 2011ರಲ್ಲಿ ತೀರಿಕೊಂಡರು. ಈಗ ಮನೆಯಲ್ಲಿ ಇರುವುದು ಸೊಸೆ ಒಬ್ಬರೇ. ಕಚೇರಿಯ ಭಾಷೆಯಲ್ಲಿ ಅವರು ಅರ್ಜಿದಾರರು, ನಾನು ಇಲ್ಲಿ ಅಮ್ಮ ಅಂತಲೇ ಕರೆಯುತ್ತೇನೆ. ಅವರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ.

ನನ್ನದು ಕಚೇರಿಗಳ ಆಸುಪಾಸಿನಲ್ಲೇ ಒಂದು ಜೆರಾಕ್ಸ್ ಅಂಗಡಿ. ಅರ್ಜಿ ಟೈಪ್ ಮಾಡಿಕೊಡುವುದು, ಆನ್‌ಲೈನ್‌ನಲ್ಲಿ ತುಂಬಿಕೊಡುವುದು ದಿನದ ಕೆಲಸ. ಇಂಥ ಪ್ರಕರಣಗಳು ವಾರಕ್ಕೊಂದಾದರೂ ಬರುತ್ತವೆ. ಇದನ್ನೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಹಳೆಯ ದಾಖಲೆ ಹುಡುಕುವಾಗ ಜನ ಎಲ್ಲೆಲ್ಲಿ ಎಡವುತ್ತಾರೋ ಅದೆಲ್ಲ ಈ ಒಂದೇ ಮನೆಯಲ್ಲಿ ಸಿಕ್ಕಿತು. ಮನೆಯವರು ಬರೆಯಿರಿ ಅಂದಿದ್ದಾರೆ. ಹೆಸರು, ಬೀದಿ ಬಿಟ್ಟಿದ್ದೇನೆ.

ಮನೆ ರಿಪೇರಿಗೆ ಮಗ ಬ್ಯಾಂಕ್ ಸಾಲ ಕೇಳಿದ. ಬ್ಯಾಂಕಿನವರು ಇ-ಖಾತೆ ತನ್ನಿ ಅಂದರು. 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೇ ಇ-ಖಾತೆ ಕಡ್ಡಾಯ ಆಗಿರುವುದರಿಂದ ಈಗ ಎಲ್ಲರೂ ಮೊದಲು ಕೇಳುವುದು ಅದನ್ನೇ. ಖಾತೆ ಅಂದರೆ ಒಡೆತನದ ಪತ್ರ ಅಲ್ಲ, ತೆರಿಗೆ ಯಾರು ಕಟ್ಟಬೇಕು ಅನ್ನುವ ಲೆಕ್ಕ ಅಷ್ಟೆ. ಆದರೂ ಅದಿಲ್ಲದೆ ಮುಂದಿನ ಯಾವ ಕೆಲಸವೂ ಆಗುವುದಿಲ್ಲ. ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ವಂಶವೃಕ್ಷ ಬೇಕು, ವಂಶವೃಕ್ಷಕ್ಕೆ ಮಾವನ ಮರಣ ಪ್ರಮಾಣಪತ್ರ ಬೇಕು. ಗಂಡನದು ಇತ್ತು. ಅತ್ತೆಯದೂ ಇತ್ತು. ಮಾವನದು ಇರಲಿಲ್ಲ. ಆಗಿನ ಕಾಲದಲ್ಲಿ ಅದನ್ನು ಯಾರು ತೆಗೆಸಿ ಇಡುತ್ತಿದ್ದರು ಹೇಳಿ.

ಮಗ ತಾನೇ ಒಂದು ಅರ್ಜಿ ಬರೆದು ತಾಲ್ಲೂಕು ಕಚೇರಿಗೆ ಕೊಟ್ಟಿದ್ದ. ‘ನಮ್ಮ ತಾತ ಸುಮಾರು 1985–86ರಲ್ಲಿ ನಿಧನರಾಗಿದ್ದು, ಮರಣ ಪ್ರಮಾಣಪತ್ರ ದಯಪಾಲಿಸಬೇಕೆಂದು ಕೋರಿಕೆ.’ ಇಷ್ಟೇ. ಅರ್ಜಿ ಕೊಟ್ಟ ಜಾಗದ ಮಟ್ಟಿಗೆ ತಪ್ಪೇನಿಲ್ಲ. ಹಳ್ಳಿಯಲ್ಲಿ ಆದ ಹುಟ್ಟು ಸಾವನ್ನು ಆಗ ಬರೆದುಕೊಳ್ಳುತ್ತಿದ್ದವರು ಗ್ರಾಮ ಲೆಕ್ಕಿಗರು. ವರ್ಷ ಮುಗಿದು ಇನ್ನೊಂದಷ್ಟು ಕಾಲ ಕಳೆದ ಮೇಲೆ ಆ ಪುಸ್ತಕಗಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ಸೇರುತ್ತಿದ್ದವು. ಹಳ್ಳಿ ಈಗ ನಗರಕ್ಕೆ ಸೇರಿದರೂ ಹಳೆಯ ಪುಸ್ತಕ ಅದರ ಹಿಂದೆ ಎದ್ದು ಬರುವುದಿಲ್ಲ, ಅಲ್ಲೇ ಇರುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ‘ನಾವೀಗ ಸಿಟಿಯವರು, ತಾಲ್ಲೂಕು ಆಫೀಸಲ್ಲಿ ಏನು ಕೆಲಸ’ ಅಂತ ವಾದ ಮಾಡುತ್ತಾರೆ.

ಅಲ್ಲಿ ಹುಡುಕಿದರು, ಸಿಗಲಿಲ್ಲ. ‘ಸದರಿ ಹೆಸರು ಕಂಡುಬಂದಿರುವುದಿಲ್ಲ’ ಅಂತ ಹಿಂಬರಹ, ಅಂದರೆ ಬರವಣಿಗೆಯಲ್ಲಿ ಉತ್ತರ ಕೊಟ್ಟರು. ಮಗನಿಗೆ ಸಿಟ್ಟು ಬಂತು. ನನ್ನನ್ನು ಕೇಳಿದರೆ ಆ ಹಿಂಬರಹವೇ ಮೊದಲ ಲಾಭ. ಬಾಯಿಮಾತಿನಲ್ಲಿ ‘ಇಲ್ಲ’ ಅಂದರೆ ಯಾವ ಪುಸ್ತಕ ನೋಡಿದರು, ಯಾವ ವರ್ಷ ನೋಡಿದರು, ನೋಡಿದರೋ ಇಲ್ಲವೋ ಒಂದೂ ಗೊತ್ತಾಗುವುದಿಲ್ಲ. ಬರವಣಿಗೆಯಲ್ಲಿ ಬಂದರೆ ಯಾವ ಊರು, ಯಾವ ವರ್ಷ ಅಂತ ಬರೆಯಲೇಬೇಕು. ಇವರ ಹಿಂಬರಹದಲ್ಲಿ 1985, 1986 ಎರಡೂ ವರ್ಷ ನಮೂದಾಗಿತ್ತು. ಅಂದರೆ ಅವೆರಡನ್ನು ಮರೆತುಬಿಡಬಹುದು.

ಈ ಹಂತದಲ್ಲಿ ಒಬ್ಬ ಬ್ರೋಕರ್ ಸಿಕ್ಕ. 15,000 ಕೊಡಿ, ಸಾವು ನೋಂದಣಿಯೇ ಆಗಿಲ್ಲ ಅಂತ ತೋರಿಸಿ ಹೊಸದಾಗಿ ಆರ್ಡರ್ ಮಾಡಿಸಿ ಕೊಡುತ್ತೇನೆ ಅಂದ. ಅಂಥ ದಾರಿ ಕಾನೂನಿನಲ್ಲಿ ಇರುವುದು ನಿಜ. 1969ರ ಜನನ ಮರಣ ನೋಂದಣಿ ಕಾಯ್ದೆಯ 13(3)ನೇ ಕಲಂ ಪ್ರಕಾರ, ಒಂದು ವರ್ಷದೊಳಗೆ ನೋಂದಣಿ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಆದೇಶ ತಂದು ಮಾಡಿಸಬಹುದು. ಮೊದಲು ಅದಕ್ಕೆ ಮೊದಲ ದರ್ಜೆ ಮ್ಯಾಜಿಸ್ಟ್ರೇಟರ, ಅಂದರೆ ಜೆಎಂಎಫ್‌ಸಿ ಕೋರ್ಟಿಗೆ ಹೋಗಬೇಕಿತ್ತು. 2023ರ ತಿದ್ದುಪಡಿ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಅಧಿಕಾರ ಡಿಸಿ (ಜಿಲ್ಲಾಧಿಕಾರಿ), ಎಸಿ (ಉಪವಿಭಾಗಾಧಿಕಾರಿ) ಮಟ್ಟಕ್ಕೆ, ಅಂದರೆ ಕಂದಾಯ ಅಧಿಕಾರಿಗಳ ಕೈಗೆ ಬಂದಿದೆ. ಆದರೆ ಆ ದಾರಿ ಇರುವುದು ನಿಜವಾಗಿಯೂ ನೋಂದಣಿ ಆಗದೇ ಇದ್ದವರಿಗೆ. ಎಲ್ಲೋ ಒಂದು ಪುಸ್ತಕದಲ್ಲಿ ಈಗಾಗಲೇ ಹೆಸರು ಇದ್ದು, ಇಲ್ಲಿ ಇನ್ನೊಂದು ತಾರೀಖು ಹಾಕಿ ಮತ್ತೆ ನೋಂದಣಿ ಮಾಡಿಸಿದರೆ ಒಬ್ಬ ಮನುಷ್ಯ ಎರಡು ಸಲ ಸತ್ತ ಹಾಗೆ ಆಗುತ್ತದೆ. ನಾಳೆ ಯಾರಾದರೂ ತಕರಾರು ತೆಗೆದರೆ ಮನೆಯೇ ಕೋರ್ಟಿನಲ್ಲಿ. ಸುಳ್ಳು ಮಾಹಿತಿ ಕೊಡುವುದಕ್ಕೆ ಅದೇ ಕಾಯ್ದೆಯಲ್ಲಿ ಶಿಕ್ಷೆಯೂ ಇದೆ. ಅಮ್ಮ ಹಣ ಹೊಂದಿಸಲು ಶುರು ಮಾಡಿದ್ದರು. ಸ್ವಲ್ಪ ತಡೀರಿ ಅಮ್ಮ ಅಂದೆ.

ನಾನು ಯಾರು ಬಂದರೂ ಹೇಳುವುದು ಒಂದೇ ಮಾತು. ಸರ್ಟಿಫಿಕೇಟ್ ಕೇಳಬೇಡಿ, ಪುಸ್ತಕ ಕೇಳಿ. ಹಳೆಯ ಮರಣ ಪ್ರಮಾಣಪತ್ರ ಅಂತ ಎಲ್ಲೂ ರೆಡಿ ಮಾಡಿ ಇಟ್ಟಿರುವುದಿಲ್ಲ. ಇರುವುದು ಪುಸ್ತಕದಲ್ಲಿ ಒಂದು ಸಾಲು. ಆ ಸಾಲನ್ನು ನೋಡಿ ಪ್ರಮಾಣಪತ್ರ ಬರೆದು ಕೊಡುತ್ತಾರೆ. ಸಾಲು ಯಾವ ಕಚೇರಿಯ, ಯಾವ ವರ್ಷದ ಪುಸ್ತಕದಲ್ಲಿದೆ, ಯಾವ ಹೆಸರಲ್ಲಿದೆ ಅನ್ನುವುದನ್ನು ಕಚೇರಿಯವರು ಹೇಳಲಾರರು, ಮನೆಯವರೇ ಹೇಳಬೇಕು. ಆ ಮೂರರಲ್ಲಿ ಒಂದು ತಪ್ಪಿದರೂ ಉತ್ತರ ‘ಕಂಡುಬಂದಿರುವುದಿಲ್ಲ’.

ಮೊದಲು ವರ್ಷ. ಅಮ್ಮನಿಗೆ ಇಸವಿ ನೆನಪಿಲ್ಲ. ಎಷ್ಟು ಕೇಳಿದರೂ ‘ಎಂಬತ್ತೈದೋ ಎಂಬತ್ತಾರೋ ಕಣಪ್ಪ’ ಅನ್ನುತ್ತಿದ್ದರು. ಇಸವಿ ಬಿಡಿ ಅಮ್ಮ, ಆಗ ಊರಲ್ಲಿ ಏನು ನಡೀತಿತ್ತು ಹೇಳಿ ಅಂದಾಗ ಥಟ್ಟನೆ ಬಂತು. ‘ಹಾಸನಾಂಬೆ ಬಾಗಿಲು ತೆಗೆದಿತ್ತಲ್ಲಪ್ಪ. ದೇವ್ರು ನೋಡಕ್ಕೆ ಬಂದಿದ್ದ ನೆಂಟರೇ ಮಣ್ಣಿಗೂ ಬಂದ್ರು.’ ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಊರಿನವರಿಗೆ ಹೇಳುವುದಾದರೆ, ಈ ದೇವಸ್ಥಾನದ ಬಾಗಿಲು ವರ್ಷಕ್ಕೆ ಒಮ್ಮೆ ಮಾತ್ರ ತೆಗೆಯುವುದು. ಆಶ್ವಯುಜ ಹುಣ್ಣಿಮೆ ಆದ ಮೇಲಿನ ಮೊದಲ ಗುರುವಾರ ತೆಗೆದು, ಬಲಿಪಾಡ್ಯಮಿ ಮುಗಿಸಿ ಮುಚ್ಚುತ್ತಾರೆ. ಅಲ್ಲಿಗೆ ತಿಂಗಳು ಸಿಕ್ಕಿತು, ದೀಪಾವಳಿಯ ಹಿಂದು ಮುಂದು.

ಇನ್ನು ಇಸವಿ. ‘ಇವನು ಆಗಿನ್ನೂ ಒಂದನೇ ಕ್ಲಾಸಿಗೆ ಸೇರಿದ್ದ, ತಾತನ ಹೆಗಲ ಮೇಲೆ ಕೂತು ಸ್ಕೂಲಿಗೆ ಹೋಗ್ತಿದ್ದ’ ಅಂದರು ಅಮ್ಮ. ಮಗನ ಹಳೆಯ ಟಿಸಿ ಟ್ರಂಕಿನಲ್ಲಿತ್ತು. ಶಾಲೆಗೆ ಸೇರಿದ್ದು 1987ರ ಜೂನ್. ಆ ವರ್ಷ ದೀಪಾವಳಿ ಅಮಾವಾಸ್ಯೆ ಬಂದಿದ್ದು ಅಕ್ಟೋಬರ್ 22ಕ್ಕೆ, ಹಳೆಯ ಪಂಚಾಂಗ ತೆಗೆದರೆ ಯಾರಿಗಾದರೂ ಸಿಗುತ್ತದೆ. ಅಲ್ಲಿಗೆ 1987ರ ಅಕ್ಟೋಬರ್ ಅಂತ ಕುಳಿತಿತು. ಹಳ್ಳಿಯ ಮನೆಗಳಲ್ಲಿ ತಾರೀಖು ಯಾರಿಗೂ ನೆನಪಿರುವುದಿಲ್ಲ, ಆದರೆ ಹಬ್ಬ, ಜಾತ್ರೆ, ಮಳೆ, ಮಗುವಿನ ವಯಸ್ಸು ಇವು ಒಂದೂ ಮರೆತಿರುವುದಿಲ್ಲ. ಕೇಳುವವರಿಗೆ ಕೇಳುವ ಪುರುಸೊತ್ತು ಇರಬೇಕು.

ಹೊಸ ಅರ್ಜಿ ಹಾಕಿದೆವು. ಊರಿನ ಹೆಸರು, 1987ರ ಮರಣ ನೋಂದಣಿ ಪುಸ್ತಕ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಪುಟಗಳು. ಡಿಸೆಂಬರ್‌ವರೆಗೆ ಯಾಕೆ ಅಂದರೆ ಪುಸ್ತಕದಲ್ಲಿ ಕ್ರಮಸಂಖ್ಯೆ ಬೀಳುವುದು ಸತ್ತ ದಿನದ ಪ್ರಕಾರ ಅಲ್ಲ, ಬರೆಸಿದ ದಿನದ ಪ್ರಕಾರ. ತಡವಾಗಿ ಬರೆಸಿದ್ದರೆ ಸಾಲು ಮುಂದಿನ ತಿಂಗಳಲ್ಲಿರುತ್ತದೆ. ಇಷ್ಟು ಹೇಳಿದರೆ ರೆಕಾರ್ಡ್ ರೂಮಿನವರಿಗೂ ಕೆಲಸ ಸುಲಭ. ‘ಹಳೇದು, ಹುಡುಕಿ ಕೊಡಿ’ ಅಂದರೆ ಯಾರು ಹುಡುಕುತ್ತಾರೆ?

ಹುಡುಕಿದರು. ಇಲ್ಲ. ಮತ್ತೆ ಹಿಂಬರಹ.

ವರ್ಷ ಸರಿ ಇದ್ದೂ ಸಿಗದಿದ್ದರೆ ಉಳಿಯುವುದು ಜಾಗ. ಸಾವು ಬರೆಸುವುದು ಮನೆ ಎಲ್ಲಿದೆ ಅಂತ ನೋಡಿ ಅಲ್ಲ, ಜೀವ ಎಲ್ಲಿ ಹೋಯಿತು ಅಂತ ನೋಡಿ. ಹಳ್ಳಿಯವರು ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡರೆ ಆ ಸಾಲು ಇರುವುದು ಪಟ್ಟಣದ ಪುಸ್ತಕದಲ್ಲಿ. ನಾನು ಅಮ್ಮನನ್ನು ಇದನ್ನೂ ಕೇಳಿದ್ದೆ. ಎರಡು ದಿನ ದೊಡ್ಡಾಸ್ಪತ್ರೆಯಲ್ಲಿ ಇಟ್ಟಿದ್ದೆವು, ಮನೆಗೆ ಕರಕೊಂಡು ಬಂದ ಮೇಲೆ ಹಜಾರದಲ್ಲೇ ಪ್ರಾಣ ಬಿಟ್ಟರು ಅಂತ ಖಂಡಿತವಾಗಿ ಹೇಳಿದ್ದರು.

ಇಲ್ಲಿ ಪ್ರಕರಣಕ್ಕೆ ಇನ್ನೊಂದು ಮುಖ ಇದೆ. ಮಾವನಿಗೆ ಒಬ್ಬನೇ ಮಗ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವರು ಅರಸೀಕೆರೆಯಲ್ಲಿ, ಚಿಕ್ಕವರು ಹೊಳೆನರಸೀಪುರದಲ್ಲಿ. ವಂಶವೃಕ್ಷದ ಅರ್ಜಿ ತುಂಬುವಾಗ ಮಗ ಮೆಲ್ಲಗೆ ಕೇಳಿದ್ದ, ‘ಅಣ್ಣ, ಅತ್ತೆಯರ ಹೆಸರು ಹಾಕಲೇಬೇಕಾ? ಅವರು ಮದುವೆ ಆಗಿ ಹೋಗಿ ಎಷ್ಟೋ ವರ್ಷ ಆಯ್ತು.’ ಇದನ್ನು ಕೇಳದ ಮನೆ ಇಲ್ಲ ಬಿಡಿ. ಆ ಮನೆ ಮಾವ ಸ್ವಂತ ದುಡಿಮೆಯಲ್ಲಿ ಕಟ್ಟಿದ್ದು. ವಿಲ್ ಬರೆದಿಟ್ಟಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. 2005ರ ತಿದ್ದುಪಡಿ ಬಂದ ಮೇಲೆ ಹೆಣ್ಣುಮಕ್ಕಳಿಗೆ ಹಕ್ಕು ಬಂತು ಅಂತ ಜನ ಹೇಳುತ್ತಾರಲ್ಲ, ಅದು ಪಿತ್ರಾರ್ಜಿತದ ಮಾತು. ತಂದೆಯ ಸ್ವಂತ ಆಸ್ತಿಯಲ್ಲಿ 1956ರಿಂದಲೇ ಇದೆ. ಹೆಸರು ಬಿಟ್ಟು ಮಾಡಿಸಿದ ವಂಶವೃಕ್ಷ ಮುಂದೊಂದು ದಿನ ಬಿದ್ದೇ ಬೀಳುತ್ತದೆ. ನಾನು ಬರೆದುಕೊಡುವುದಿಲ್ಲ ಅಂದೆ. ಅಮ್ಮ ನನ್ನ ಪರ ನಿಂತರು. ಮಗ ಸಪ್ಪಗೆ ಅರಸೀಕೆರೆ ಬಸ್ ಹತ್ತಿದ.

ಅತ್ತೆ ಆಧಾರ್ ಜೆರಾಕ್ಸ್ ಕೊಟ್ಟರು, ಸಹಿ ಮಾಡುತ್ತೇನೆ ಅಂದರು. ಊಟಕ್ಕೆ ಎಲೆ ಹಾಕುವಾಗ, ತಾತನ ಸರ್ಟಿಫಿಕೇಟ್ ಸಿಗುತ್ತಿಲ್ಲ ಅತ್ತೆ, ಮನೆಯಲ್ಲಿ ಸತ್ತದ್ದಕ್ಕೆ ದಾಖಲೆಯೇ ಇಲ್ಲ ಅಂತ ಇವನು ಗೊಣಗಿದ್ದಾನೆ. ಅತ್ತೆ ಅಂದರಂತೆ, ‘ಮನೇಲೆಲ್ಲಿ ಸತ್ತದ್ದು? ಆಸ್ಪತ್ರೇಲೇ ಹೋಗಿತ್ತು ಜೀವ. ನಾನೇ ಪಕ್ಕದಲ್ಲಿದ್ದೆ. ಅವ್ವ ತಡ್ಕಳಲ್ಲ ಅಂತ ಜೀಪಲ್ಲಿ ತರೋವಾಗ ಉಸಿರಿದೆ ಅಂತ ಹೇಳಿದ್ವಿ.’ ಇಷ್ಟು ವರ್ಷ ಅದು ಜೀಪಿನಲ್ಲಿದ್ದವರ ಮಧ್ಯೆಯೇ ಉಳಿದ ಮಾತು. ಸೊಸೆಗೂ ಗೊತ್ತಿರಲಿಲ್ಲ. ವಂಶವೃಕ್ಷದಿಂದ ಯಾರ ಹೆಸರು ಬಿಡಬೇಕು ಅಂದುಕೊಂಡಿದ್ದನೋ ಅವರೇ ಜಾಗ ತೋರಿಸಿದರು.

ಆಸ್ಪತ್ರೆ ಇರುವುದು ಪಟ್ಟಣದಲ್ಲಿ. ಹಾಗಾಗಿ ಪಟ್ಟಣದ ಕಚೇರಿಯ ಕೌಂಟರಿಗೆ ಹೋದೆವು. ಕೂತಿದ್ದ ಹುಡುಗಿ ಹೊಸಬಳು, ಮರ್ಯಾದೆಯಿಂದ ಮಾತಾಡಿದಳು. ಕಂಪ್ಯೂಟರ್‌ನಲ್ಲಿ ನೋಡಿ ‘ಬರ್ತಿಲ್ಲ ಸಾರ್’ ಅಂದಳು. ನಿಜವೇ. ಇ-ಜನ್ಮ ತಂತ್ರಾಂಶದಲ್ಲಿ ಇತ್ತೀಚಿನ ವರ್ಷಗಳದ್ದು ಇರುತ್ತದೆ, ಹಳೆಯ ಕೈಬರಹದ ಪುಸ್ತಕದ್ದು ಯಾರಾದರೂ ಕೇಳಿ ತುಂಬಿಸಿದ್ದರೆ ಮಾತ್ರ. ಕಂಪ್ಯೂಟರ್‌ನಲ್ಲಿ ಇಲ್ಲ ಅಂದ ಮಾತ್ರಕ್ಕೆ ಪುಸ್ತಕದಲ್ಲಿ ಇಲ್ಲ ಅಂತ ಅಲ್ಲ. ಪುಸ್ತಕ ಎಲ್ಲಿದೆ ಅಂದರೆ ಅವಳಿಗೂ ಗೊತ್ತಿಲ್ಲ, ಪಕ್ಕದವರಿಗೂ ಗೊತ್ತಿಲ್ಲ.

ಮಾಹಿತಿ ಹಕ್ಕು ಬಳಸಿದ್ದು ಇಲ್ಲಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಆರ್‌ಟಿಐ ಅಂದರೆ ಜನ ಒಂದೋ ಹೆದರುತ್ತಾರೆ ಇಲ್ಲ ಬೆದರಿಸಲು ಬಳಸುತ್ತಾರೆ. ಮರಣ ಪ್ರಮಾಣಪತ್ರವನ್ನೇ ಆರ್‌ಟಿಐನಲ್ಲಿ ಕೇಳಿದರೆ ಅದಕ್ಕೆ ಬೇರೆ ಅರ್ಜಿ ಇದೆ, ಅಲ್ಲಿ ಹಾಕಿ ಅನ್ನುತ್ತಾರೆ. ಅದರಲ್ಲಿ ತಪ್ಪಿಲ್ಲ. ಕೇಳಬೇಕಾದ್ದು ಪುಸ್ತಕದ ವಿಷಯ. ನಮೂನೆ-ಎ ನಲ್ಲಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, ನಾವು ಬರೆದದ್ದು ಇಷ್ಟು: 1987ನೇ ಸಾಲಿನ ಮರಣ ನೋಂದಣಿ ಪುಸ್ತಕ ತಮ್ಮ ಕಚೇರಿಯಲ್ಲಿದೆಯೇ, ಇದ್ದರೆ ಯಾವ ಶಾಖೆಯ ವಶದಲ್ಲಿದೆ, ಬೇರೆಡೆ ಕಳುಹಿಸಿದ್ದರೆ ಹಸ್ತಾಂತರದ ಪತ್ರದ ಪ್ರತಿ ಕೊಡಿ, ಪುಸ್ತಕವನ್ನು ಖುದ್ದು ನೋಡಲು ಅವಕಾಶ ಕೊಡಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಯಾಕೆ ಕೊಟ್ಟಿಲ್ಲ, ಯಾರ ತಪ್ಪು ಅಂತೆಲ್ಲ ಬರೆದರೆ ಪದವೂ ಮುಗಿಯುತ್ತದೆ, ಉತ್ತರವೂ ಬರುವುದಿಲ್ಲ. ‘ಯಾಕೆ’ ಅನ್ನುವುದು ದಾಖಲೆ ಅಲ್ಲ. ಅರ್ಜಿಯಲ್ಲಿ ದೂರು ಬೇಡ ಅಂತ ನಾನು ಎಲ್ಲರಿಗೂ ಹೇಳುತ್ತೇನೆ, ಅರ್ಧ ಜನ ಕೇಳುವುದಿಲ್ಲ.

30 ದಿನದೊಳಗೆ ಉತ್ತರ ಕೊಡಬೇಕು ಅಂತ ಕಾಯ್ದೆ ಹೇಳುತ್ತದೆ. ಕೊಡದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ನಮಗೆ ಅಷ್ಟು ದೂರ ಹೋಗುವ ಪ್ರಮೇಯ ಬರಲಿಲ್ಲ. ಗಡುವಿನೊಳಗೇ ಪತ್ರ ಬಂತು. ಪುಸ್ತಕ ಆರೋಗ್ಯ ಶಾಖೆಯ ಹಳೆಯ ದಾಸ್ತಾನಿನಲ್ಲಿದೆ, ಬೇರೆಯವರ ಖಾಸಗಿ ವಿವರ ಇರುವುದರಿಂದ ನೋಡಲು ಕೊಡಲಾಗದು, ಹುಡುಕಾಟಕ್ಕೆ ಪ್ರತ್ಯೇಕ ಅರ್ಜಿ ಸಲ್ಲಿಸಿ ಅಂತ. ನೋಡಲು ಬಿಡಲಿಲ್ಲ ಅಂತ ಮಗ ಮೇಲ್ಮನವಿ ಹಾಕೋಣ ಅಂದ. ಏನೂ ಬೇಡ ಅಂದೆ. ನಮಗೆ ಬೇಕಿದ್ದದ್ದು ಮೊದಲ ಸಾಲು. ಪುಸ್ತಕ ಇದೆ ಅಂತ ಅವರೇ ಬರೆದುಕೊಟ್ಟ ಮೇಲೆ ಇನ್ನು ಇಲ್ಲ ಅನ್ನುವ ಹಾಗಿಲ್ಲ. ಜನನ ಮರಣ ಕಾಯ್ದೆಯ 17ನೇ ಕಲಂನಲ್ಲಿ ಶುಲ್ಕ ಕಟ್ಟಿ ಯಾರು ಬೇಕಾದರೂ ಪುಸ್ತಕದಲ್ಲಿ ಹುಡುಕಿಸಿ ಪ್ರತಿ ಪಡೆಯಬಹುದು. ಆ ಪತ್ರದ ಜೆರಾಕ್ಸ್ ಲಗತ್ತಿಸಿ ಅರ್ಜಿ ಹಾಕಿ, ಟಪಾಲಿನಲ್ಲಿ ಸೀಲು, ತಾರೀಖು ಹಾಕಿಸಿಕೊಂಡು ಸ್ವೀಕೃತಿ ತೆಗೆದುಕೊಂಡೆವು. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟ ಅರ್ಜಿಯೇ ಅಲ್ಲ.

ಸಿಕ್ಕಿತು. ಅಕ್ಟೋಬರ್‌ನಲ್ಲಿ ಅಲ್ಲ, ನವೆಂಬರ್ ಪುಟದಲ್ಲಿ. ಖಾತ್ರಿ ಮಾಡಿಕೊಳ್ಳಲು ಅಮ್ಮನನ್ನು ಮೇಜಿನ ಹತ್ತಿರ ಕರೆದು, ಉಳಿದ ಸಾಲುಗಳ ಮೇಲೆ ಬಿಳಿ ಹಾಳೆ ಮುಚ್ಚಿ ಆ ಒಂದು ಸಾಲು ತೋರಿಸಿದರು. ಉದ್ದನೆಯ ಪುಸ್ತಕ, ಬೆನ್ನಿಗೆ ಕೆಂಪು ಬಟ್ಟೆ, ನೀಲಿ ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಸತ್ತ ತಾರೀಖು ಅಕ್ಟೋಬರ್‌ದು. ಮರಣದ ಸ್ಥಳ ಆಸ್ಪತ್ರೆ. ವಾಸಸ್ಥಳದ ಕಾಲಂನಲ್ಲಿ ಊರಿನ ಹೆಸರು, ‘ಬಿನ್’ ಆದ ಮೇಲೆ ಮಾವನ ತಂದೆಯ ಹೆಸರು, ಎರಡೂ ಸರಿ. ವಯಸ್ಸು ಸುಮಾರು 60. ಮಾವನ ಹೆಸರು ಮಾತ್ರ ಬೇರೆ. ಕಂದಾಯ ರಸೀದಿಯಲ್ಲಿ ಹೆಸರಿನ ಕೊನೆಗೆ ‘ಗೌಡ’ ಇದೆ, ಪುಸ್ತಕದಲ್ಲಿ ‘ಅಯ್ಯ’ ಇದೆ. ಊರಿನವರು ಕರೆಯುತ್ತಿದ್ದದ್ದು ಹಾಗೇ ಅಂತೆ, ಆಸ್ಪತ್ರೆಗೆ ಸೇರಿಸಿದವರು ಅದನ್ನೇ ಬರೆಸಿದ್ದಾರೆ. ಅಮ್ಮ ಆ ಸಾಲಿನ ಮೇಲೆ ಬೆರಳಿಟ್ಟು ‘ಇದೇ ನಮ್ಮ ಮಾವಯ್ಯ’ ಅಂದರು. ಸಿಬ್ಬಂದಿಯವರು ‘ಕೈ ಇಡಬೇಡಿ ಅಮ್ಮ, ಕಾಗದ ಪುಡಿಪುಡಿ ಆಗ್ತದೆ’ ಅಂದರು.

ಹೆಸರಿನ ವ್ಯತ್ಯಾಸಕ್ಕೆ ಎರಡು ದಾರಿ. ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಅಫಿಡವಿಟ್ ಮಾಡಿಸಿ ಮುಂದೆ ಹೋಗುವುದು ಒಂದು. ಬೇಗ ಆಗುತ್ತದೆ, ಆದರೆ ಮುಂದೆ ಬ್ಯಾಂಕು, ಸಬ್ ರಿಜಿಸ್ಟ್ರಾರ್ ಎಲ್ಲೆಲ್ಲೂ ಅದೇ ಪ್ರಶ್ನೆ. ಇನ್ನೊಂದು 15ನೇ ಕಲಂ ಪ್ರಕಾರ ಪುಸ್ತಕದಲ್ಲೇ ತಿದ್ದುಪಡಿ. ತಿದ್ದುಪಡಿ ಅಂದರೆ ಹಳೆಯದನ್ನು ಹೊಡೆದುಹಾಕಿ ಬರೆಯುವುದಲ್ಲ. ಮೂಲ ಬರಹ ಹಾಗೇ ಇರುತ್ತದೆ, ಪಕ್ಕದ ಅಂಚಿನಲ್ಲಿ ಸರಿಯಾದದ್ದನ್ನು ಬರೆದು ಅಧಿಕಾರಿ ಸಹಿ, ತಾರೀಖು ಹಾಕುತ್ತಾರೆ. ವಿಷಯ ಗೊತ್ತಿರುವ ಇಬ್ಬರು ನಂಬಿಕಸ್ಥರ ಹೇಳಿಕೆ ಬೇಕು. ಸ್ವಲ್ಪ ತಡ ಆದರೂ ನಾವು ಇದನ್ನೇ ಹಿಡಿದೆವು. ಹಳೆಯ ಕಂದಾಯ ರಸೀದಿಗಳನ್ನು ಕೊಟ್ಟೆವು. ಹೇಳಿಕೆ ಕೊಟ್ಟವರಲ್ಲಿ ಒಬ್ಬರು ಊರಿನ ಹಿರಿಯರು, ಇನ್ನೊಬ್ಬರು ಅರಸೀಕೆರೆಯ ಅತ್ತೆ.

ಪ್ರಮಾಣಪತ್ರ ಬಂತು. ಅದರಲ್ಲಿ ಸಾವಿಗೆ ಕಾರಣ ಏನು ಅಂತ ಯಾಕಿಲ್ಲ ಅಂತ ಅಮ್ಮ ಕೇಳಿದರು. ಕಾರಣ ಪುಸ್ತಕದಲ್ಲಿ ಇದ್ದರೂ ಹೊರಗೆ ಕೊಡುವ ಪ್ರತಿಯಲ್ಲಿ ತೋರಿಸುವ ಹಾಗಿಲ್ಲ, ಕಾಯ್ದೆಯೇ ಹಾಗೆ ಹೇಳಿದೆ. ಒಳ್ಳೆಯದೇ ಅಲ್ವಾ.

ಆಮೇಲಿನದು ಬೇಗ ಸಾಗಿತು. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಹಾಕಿದೆವು. ಊರಿನ ಕಂದಾಯ ಕೆಲಸ ನೋಡುವ ವಿಎ ಮನೆಗೆ ಬಂದು ಅಕ್ಕಪಕ್ಕದವರನ್ನು ಕೇಳಿ ಹೋದರು, ಆರ್‌ಐ (ಕಂದಾಯ ನಿರೀಕ್ಷಕರು) ವರದಿ ಆಯಿತು, ವಂಶವೃಕ್ಷ ಕೈಗೆ ಬಂತು. ಸರ್ಕಾರಕ್ಕೆ ಕಟ್ಟಿದ ಶುಲ್ಕ, ಪೋಸ್ಟಲ್ ಆರ್ಡರ್, ನೋಟರಿ, ಬಸ್ ಚಾರ್ಜು, ನನ್ನ ಟೈಪಿಂಗ್ ಎಲ್ಲ ಸೇರಿದರೂ ಬ್ರೋಕರ್ ಕೇಳಿದ್ದರ ಹತ್ತಿರಕ್ಕೂ ಹೋಗಲಿಲ್ಲ.

ಈಗ ಉಳಿದಿರುವುದು ಖಾತೆ. ಅಮ್ಮ, ಮಗ, ಇಬ್ಬರು ಅತ್ತೆಯರು ಎಲ್ಲರ ಹೆಸರಿನಲ್ಲಿ ಜಂಟಿ ಖಾತೆ ಮಾಡಿಸುವುದೋ, ಅತ್ತೆಯರು ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿಕೊಡುವುದೋ ಅನ್ನುವುದು ಮನೆಯೊಳಗಿನ ಮಾತು. ಅರಸೀಕೆರೆಯವರು ಹೇಗಾದರೂ ಸರಿ ಅಂದಿದ್ದಾರೆ. ಹೊಳೆನರಸೀಪುರದವರು, ಅಪ್ಪನ ಮನೆಯಲ್ಲಿ ತನ್ನ ಹೆಸರೂ ಇರಲಿ, ಜಂಟಿ ಖಾತೆಯೇ ಆಗಲಿ ಅಂದಿದ್ದಾರೆ. ಮಗನಿಗೆ ಬ್ಯಾಂಕಿನವರು ಒಪ್ಪುತ್ತಾರೋ ಇಲ್ಲವೋ ಅನ್ನುವ ಚಿಂತೆ. ಎಲ್ಲ ಹಕ್ಕುದಾರರೂ ಸಹಿ ಹಾಕುವುದಾದರೆ ಏನು ಮಾಡುತ್ತೀರಿ ಅಂತ ಮೊದಲು ಮ್ಯಾನೇಜರ್ ಹತ್ತಿರ ಬರವಣಿಗೆಯಲ್ಲಿ ಕೇಳು ಅಂದಿದ್ದೇನೆ. ಅರ್ಜಿ ಟೈಪ್ ಆಗಿದೆ. ಚಿಕ್ಕತ್ತೆಯ ಮಗ ಓದಿ ನೋಡಬೇಕಂತೆ, ವಾಟ್ಸಾಪ್‌ನಲ್ಲಿ ಕಳುಹಿಸಿದ್ದೇವೆ.